ಅರ್ಧಕ್ಕೆ ನಿಂತ ಹಾಡು: ಹಳೆಯ ಪಾಪ್ ಗೀತೆಗಳು ನಿಜಕ್ಕೂ ಅಷ್ಟು ಚೆನ್ನಾಗಿದ್ದವೇ?

ಹಳೆಯ ರೀಲು:

ಮೊನ್ನೆ ರಾತ್ರಿ ಹದಿನೇಳು ವರ್ಷದ ಮಗ ಒಂದು ಮಾತು ಹೇಳಿದ. "ಅಪ್ಪಾ, ಆ ಹಾಡುಗಳು ಅಷ್ಟೇನೂ ಚೆನ್ನಾಗಿಲ್ಲ. ಅವನ್ನು ಕೇಳುತ್ತಿದ್ದಾಗ ನೀನು ಚಿಕ್ಕವನಿದ್ದೆ, ಅದು ಚೆನ್ನಾಗಿತ್ತು." ನನಗೆ ಸಿಟ್ಟು ಬಂತು. ಅವನು ತಪ್ಪು ಹೇಳಿದನೆಂದು ಬಂತೋ, ಸರಿಯಾದದ್ದನ್ನೇ ಹೇಳಿಬಿಟ್ಟನೆಂದು ಬಂತೋ, ಎರಡು ದಿನದಿಂದ ಯೋಚಿಸುತ್ತಿದ್ದೇನೆ.

ನನ್ನ ಹತ್ತಿರ ಒಂದು ಕ್ಯಾಸೆಟ್ ಇದೆ. ಅರುವತ್ತು ನಿಮಿಷದ್ದು, ಒಂದೊಂದು ಬದಿಗೆ ಮೂವತ್ತು. ಚಿಕ್ಕಪ್ಪ ತನ್ನ ಸ್ನೇಹಿತನ ಮನೆಯಲ್ಲಿ ತುಂಬಿಕೊಂಡು ಬಂದದ್ದು. ಒಳಗಿನ ಕಾಗದದಲ್ಲಿ ನೀಲಿ ಬಾಲ್ ಪೆನ್ನಿನ ಪಟ್ಟಿ: ಅಬ್ಬಾ, ಬೋನಿ ಎಂ, ಬೀ ಜೀಸ್ ತಂಡಗಳ ಹಾಡುಗಳು, ಮೊದಲ ಬದಿಯ ಕೊನೆಗೆ ಬೀಟಲ್ಸ್ ತಂಡದ 'ಹೇ ಜೂಡ್'. ಟೇಪು ಸಡಿಲವಾದಾಗಲೆಲ್ಲ ಪೆನ್ಸಿಲ್ ತೂರಿಸಿ ಸುತ್ತಿ ಸುತ್ತಿ ಒಂದು ಚಕ್ರದ ಹಲ್ಲು ಸವೆದೇ ಹೋಗಿದೆ.

'ಹೇ ಜೂಡ್' 7 ನಿಮಿಷ 11 ಸೆಕೆಂಡಿನ ಹಾಡು. ಚಿಕ್ಕಪ್ಪ ಅದಕ್ಕೆ ಉಳಿಸಿದ್ದ ಜಾಗ ಮೂರು ನಿಮಿಷ ಚಿಲ್ಲರೆ. ಒಂದೇ ದನಿ ಮೆತ್ತಗೆ ಶುರುವಾಗಿ, ಸಮಾಧಾನ ಹೇಳುತ್ತ ಹೇಳುತ್ತ ಮೇಲಕ್ಕೇರಿ, ಇನ್ನೇನು ಏನೋ ಒಡೆದುಕೊಂಡು ಬರುತ್ತದೆ ಎನ್ನುವಾಗ 'ಟಕ್' ಎಂದು ಗುಂಡಿ ಮೇಲೆದ್ದುಬಿಡುತ್ತಿತ್ತು. ನನ್ನ ಪಾಲಿಗೆ ಹಾಡು ಮುಗಿಯುವುದೇ ಹಾಗೆ. ಹನ್ನೊಂದು ವರ್ಷ ಹಾಗೆಯೇ ನಂಬಿದ್ದೆ. ಕಾಲೇಜಿನ ಕೊನೆಯ ದಿನ ಹಾಸ್ಟೆಲಿನಲ್ಲಿ ಯಾರೋ ಆ ಹಾಡು ಹಾಕಿದರು. 'ಟಕ್' ಎನ್ನಬೇಕಾದ ಜಾಗ ದಾಟಿತು, ಇಡೀ ಕೋಣೆ ಕೈಯೆತ್ತಿ ಹಾಡಲು ತೊಡಗಿತು. ಇನ್ನೂ ನಾಲ್ಕು ನಿಮಿಷ. ಎಲ್ಲರಿಗೂ ಬರುತ್ತಿತ್ತು. ನಾನೊಬ್ಬ ಬಾಯಿ ಮುಚ್ಚಿಕೊಂಡು ನಿಂತಿದ್ದೆ.

ನಿಜ ಹೇಳಬೇಕೆಂದರೆ, ನನಗೆ ಇವತ್ತಿಗೂ ನನ್ನ ಮೂರು ನಿಮಿಷದ ಹಾಡೇ ಇಷ್ಟ. ಅದರಲ್ಲಿ ಎರಡನೆಯ ಚರಣದ ಹೊತ್ತಿಗೆ ಒಂದು ತಗ್ಗಿದ ದನಿ ಜೊತೆಗೂಡುತ್ತದೆ, ಪಕ್ಕದಲ್ಲೇ ಕುಳಿತು ಹಾಡಿದ ಹಾಗೆ. ಸಿ.ಡಿ.ಯಲ್ಲಿ ಕೇಳಿದಾಗ ಆ ದನಿ ಅಷ್ಟು ಹತ್ತಿರ ಇರಲಿಲ್ಲ. ಹಾಗಾದರೆ ನಾನು ಪ್ರೀತಿಸಿದ್ದು ಹಾಡನ್ನೋ, ಆ ಕ್ಯಾಸೆಟ್ಟನ್ನೋ? ಮಗನ ಮಾತು ನಿಜವೇ? ಮುಲಾಜಿಲ್ಲದೆ ಹೇಳಿ.

ಇಪ್ಪತ್ತೆರಡು:

ಮುಲಾಜು ಬೇಡ ಎಂದಿದ್ದೀರಿ, ಆದ್ದರಿಂದ ನೇರವಾಗಿ ಹೇಳುತ್ತೇನೆ. ನಾನು ನಿಮ್ಮ ಮಗನ ಪಕ್ಷ.

ನಡುವಯಸ್ಸು ದಾಟಿದವರನ್ನು ಬದುಕಿನ ನೆನಪುಗಳ ಬಗ್ಗೆ ಕೇಳಿದರೆ, ಹೆಚ್ಚಿನವು ಸುಮಾರು ಹತ್ತರಿಂದ ಮೂವತ್ತರ ನಡುವಿನ ವಯಸ್ಸಿನವೇ ಆಗಿರುತ್ತವೆ ಎಂದು ಮನಃಶಾಸ್ತ್ರಜ್ಞರು ಬಹಳ ಹಿಂದೆಯೇ ಗುರುತಿಸಿದ್ದಾರೆ. ಹಾಡುಗಳಲ್ಲಿ ಅದು ಇನ್ನೂ ಎದ್ದು ಕಾಣುತ್ತದೆ. ಮೊದಲ ಸಲ ಎಲ್ಲವೂ ಆಗುವ ವಯಸ್ಸಿನಲ್ಲಿ ಯಾವ ಹಾಡು ಕಿವಿಗೆ ಬಿದ್ದಿತ್ತೋ ಅದು ಗಟ್ಟಿಯಾಗಿ ಕೂತುಬಿಡುತ್ತದೆ.

ಇನ್ನೊಂದು ವಿಷಯ. ಹಳೆಯ ಕಾಲದಲ್ಲಿ ಎಲ್ಲವೂ ಚಿನ್ನ ಎನ್ನುತ್ತೀರಲ್ಲ, 1967ರ ಬ್ರಿಟನ್ನಿನ ಹಾಡುಗಳ ಮಾರಾಟದ ಪಟ್ಟಿಯನ್ನೇ ನೋಡಿ. ಬೀಟಲ್ಸ್‌ನ 'ಸ್ಟ್ರಾಬೆರಿ ಫೀಲ್ಡ್ಸ್ ಫಾರೆವರ್' ಮತ್ತು 'ಪೆನಿ ಲೇನ್' ಒಂದೇ ಗ್ರಾಮಫೋನ್ ತಟ್ಟೆಯ ಎರಡು ಬದಿಗಳಾಗಿ ಬಂದವು. ಅದು ಎರಡನೆಯ ಸ್ಥಾನದಲ್ಲೇ ನಿಂತಿತು. ಮೊದಲ ಸ್ಥಾನ ಬಿಟ್ಟುಕೊಡದೆ ಕುಳಿತಿದ್ದದ್ದು ಎಂಗಲ್ಬರ್ಟ್ ಹಂಪರ್ಡಿಂಕ್ ಅವರ 'ರಿಲೀಸ್ ಮಿ'. 1981ರಲ್ಲಿ ಅಲ್ಟ್ರಾವಾಕ್ಸ್ ತಂಡದ 'ವಿಯೆನ್ನಾ'ಕ್ಕೂ ಅದೇ ಗತಿ; ಅದನ್ನು ತಡೆದದ್ದು ಜೋ ಡಾಲ್ಚೆ ಅವರ ಒಂದು ತಮಾಷೆ ಹಾಡು. ಆ ಕಾಲದ ಜನ ದುಡ್ಡು ಕೊಟ್ಟು ಕೊಂಡದ್ದು ಅವನ್ನು. ಕಾಲ ತೂರಿದ್ದರಿಂದ ಜೊಳ್ಳು ಹಾರಿಹೋಗಿ ಕಾಳು ಉಳಿದಿದೆ. ನೀವು ಆ ಕಾಳನ್ನು ತಂದು, ಇನ್ನೂ ತೂರದ ನಮ್ಮ ಕಾಲದ ರಾಶಿಯ ಪಕ್ಕ ಇಟ್ಟು, "ನೋಡಿ, ನಿಮ್ಮದರಲ್ಲಿ ಎಷ್ಟು ಜೊಳ್ಳು" ಎನ್ನುತ್ತೀರಿ. ಅದು ನ್ಯಾಯವಲ್ಲ.

ಮಂದ್ರಸ್ಥಾಯಿ:

ಇಪ್ಪತ್ತೆರಡು ಅವರೇ, ತೂರುವ ಮಾತು ಒಪ್ಪುತ್ತೇನೆ. ಆದರೆ ಉಳಿದ ಕಾಳು ಏಕೆ ಉಳಿಯಿತು ಎನ್ನುವುದಕ್ಕೂ ಉತ್ತರ ಬೇಕಲ್ಲ. ನೆನಪೊಂದೇ ಕಾರಣವಾಗಿದ್ದರೆ ಆ ತಮಾಷೆ ಹಾಡೂ ಉಳಿಯಬೇಕಿತ್ತು.

ನಾನು ಮೂವತ್ತೈದು ದಾಟಿದ ಮೇಲೆ ಬೇಸ್ ಗಿಟಾರ್, ಅಂದರೆ ಹಾಡಿನ ತಳದ ಮಂದ್ರಸ್ವರ ನುಡಿಸುವ ಗಿಟಾರ್, ಕಲಿಯಲು ಹೊರಟವನು. ಅಮೆರಿಕದ ಮೋಟೌನ್ ಎಂಬ ಧ್ವನಿಮುದ್ರಣ ಕಂಪನಿಯ ಹಾಡುಗಳನ್ನು ಬಾಲ್ಯದಲ್ಲಿ ಕೇಳಿದವನೇ ಅಲ್ಲ, ಅವುಗಳ ಮೇಲೆ ನನಗೆ ಯಾವ ನೆನಪಿನ ಹಂಗೂ ಇಲ್ಲ. ಕಲಿಸುವವರು ಒಂದು ದಿನ, "ಗಾಯಕನನ್ನು ಬಿಟ್ಟುಬಿಡಿ, ಕೆಳಗೆ ಏನು ನಡೆಯುತ್ತಿದೆ ಕೇಳಿ" ಎಂದು ಫೋರ್ ಟಾಪ್ಸ್ ತಂಡದ 'ಬರ್ನಡೆಟ್' ಹಾಕಿದರು. 1967ರ ಹಾಡು. ಕೆಳಗೆ ಇನ್ನೊಬ್ಬ ಮನುಷ್ಯ ಬೇರೆಯೇ ಹಾಡು ಹಾಡುತ್ತಿದ್ದಾನೆ ಅನ್ನಿಸಿತು. ಗಾಯಕ ಉಸಿರು ತೆಗೆದುಕೊಳ್ಳುವ ಜಾಗದಲ್ಲಿ ಅವನು ಮಾತಾಡುತ್ತಾನೆ, ಗಾಯಕ ಕೂಗಿದಾಗ ಕೆಳಗಿಳಿದು ನೆಲ ಹಿಡಿಯುತ್ತಾನೆ.

ಆ ಮನುಷ್ಯ ಜೇಮ್ಸ್ ಜೇಮರ್ಸನ್. ಬಲಗೈಯ ತೋರುಬೆರಳು ಒಂದರಿಂದಲೇ ನುಡಿಸುತ್ತಿದ್ದರು. ಜೊತೆಯವರು ಆ ಬೆರಳಿಗೆ 'ಕೊಕ್ಕೆ' ಎಂದೇ ಹೆಸರಿಟ್ಟಿದ್ದರು. ತಂತಿ ತುಂಡಾಗುವವರೆಗೂ ಬದಲಿಸುತ್ತಿರಲಿಲ್ಲ. ಡೆಟ್ರಾಯಿಟ್‌ನ ಒಂದು ಮನೆಯನ್ನೇ ಸ್ಟುಡಿಯೊ ಮಾಡಿಕೊಂಡಿದ್ದ ಜಾಗದಲ್ಲಿ, ಜಗತ್ತೇ ಕುಣಿದ ಎಷ್ಟೋ ಹಾಡುಗಳಿಗೆ ಬುನಾದಿ ಹಾಕಿದ್ದು ಆ ಒಂದು ಬೆರಳು. ಆದರೆ ತಟ್ಟೆಯ ಹೊದಿಕೆಯ ಮೇಲೆ ಅವರ ಹೆಸರು ಇರುತ್ತಿರಲಿಲ್ಲ. ಮೋಟೌನ್ ತಟ್ಟೆಯೊಂದು ಅವರ ಹೆಸರು ಅಚ್ಚುಹಾಕಿದ್ದು 1971ರಲ್ಲಿ, ಮಾರ್ವಿನ್ ಗೇ ಅವರ 'ವಾಟ್ಸ್ ಗೋಯಿಂಗ್ ಆನ್' ಬಂದಾಗ. 1983ರಲ್ಲಿ ತೀರಿಕೊಂಡರು. ಆಗಲೂ ಅವರನ್ನು ಬಲ್ಲವರು ಬೆರಳೆಣಿಕೆಯ ಜನ.

ನನ್ನ ಬಲಗೈ ಬೆರಳಿನ ತುದಿಯಲ್ಲಿ ಈಗ ಗಡುಸು ಚರ್ಮ ಕಟ್ಟಿದೆ. ಆರು ತಿಂಗಳಾದರೂ ಆ ಹಾಡಿನ ಎಂಟು ಅಳತೆಗಳು (ನಮ್ಮ ತಾಳದ ಆವರ್ತದಂಥ ತುಂಡುಗಳು) ನನ್ನ ಕೈಗೆ ಸರಿಯಾಗಿ ಬಂದಿಲ್ಲ. ಇದು ಹಳೆಯ ನೆನಪಿನ ಮಾತಲ್ಲ, ಕೈಗೆ ಗೊತ್ತಾದ ಮಾತು. ಒಂದು ಕೋಣೆಯಲ್ಲಿ ಹತ್ತು ಜನ ಒಟ್ಟಿಗೆ ಉಸಿರಾಡಿ ನುಡಿಸಿದ್ದಕ್ಕೂ ಯಂತ್ರದಲ್ಲಿ ಜೋಡಿಸಿದ್ದಕ್ಕೂ ವ್ಯತ್ಯಾಸವಿದೆ.

ಮಿಕ್ಸಿಂಗ್ ಕೋಣೆ:

ಧ್ವನಿಮುದ್ರಣದ ಕೆಲಸದಲ್ಲಿ ಇಪ್ಪತ್ತೆಂಟು ವರ್ಷ ಕಳೆದು ನಿವೃತ್ತನಾದವನು ನಾನು. ಮಂದ್ರಸ್ಥಾಯಿ ಅವರ ಪ್ರೀತಿಗೆ ನಮಸ್ಕಾರ, ಆದರೆ ಕೊನೆಯ ವಾಕ್ಯವನ್ನು ಸ್ವಲ್ಪ ತಿದ್ದಬೇಕು. ಹಳೆಯ ಹಾಡುಗಳಲ್ಲಿ ಎಲ್ಲವೂ ಕೋಣೆಯಲ್ಲಿ ಕೂತು ನುಡಿಸಿದ್ದು ಎಂದು ತಿಳಿದವರು ಬಹಳ.

ಬೀ ಜೀಸ್‌ನ 'ಸ್ಟೇಯಿಂಗ್ ಅಲೈವ್' ತೆಗೆದುಕೊಳ್ಳಿ, 1977ರದ್ದು. ಅದರಲ್ಲಿ ಡ್ರಮ್ ನುಡಿಸಲು ಆ ದಿನ ಡ್ರಮ್ಮರ್ ಇರಲೇ ಇಲ್ಲ. ಮನೆಯ ತುರ್ತಿಗೆಂದು ಡೆನಿಸ್ ಬ್ರಯಾನ್ ಊರಿಗೆ ಹೋಗಿದ್ದರು. ಆಗಲೇ ಮುದ್ರಿಸಿದ್ದ 'ನೈಟ್ ಫೀವರ್' ಹಾಡಿನಿಂದ ಅವರ ಎರಡು ಅಳತೆಗಳನ್ನು ತೆಗೆದು, ಟೇಪಿನ ಆ ತುಂಡಿನ ಎರಡು ತುದಿ ಅಂಟಿಸಿ, ಮೈಕ್ ಸ್ಟ್ಯಾಂಡಿನ ಮೇಲೆ ಹಾಯಿಸಿ ಸುತ್ತುತ್ತಲೇ ಇರುವಂತೆ ಮಾಡಿದರು. ಹಾಡಿನುದ್ದಕ್ಕೂ ಕೇಳುವುದು ಅದೇ ಎರಡು ಅಳತೆ, ಮತ್ತೆ ಮತ್ತೆ. ತಟ್ಟೆಯ ಮೇಲೆ ಡ್ರಮ್ಮರ್ ಎಂದು 'ಬರ್ನಾರ್ಡ್ ಲೂಪ್' ಎಂಬ ಇಲ್ಲದ ಮನುಷ್ಯನ ಹೆಸರು ಹಾಕಿದರು. ಇಂದಿನ ಹುಡುಗರು ಕಂಪ್ಯೂಟರಿನಲ್ಲಿ ಮಾಡುವುದನ್ನೇ ಅವರು ಕತ್ತರಿ ಮತ್ತು ಅಂಟುಪಟ್ಟಿಯಿಂದ ಮಾಡಿದ್ದರು. 1983ರಲ್ಲಿ ಯಮಾಹಾ ಡಿಎಕ್ಸ್7 ಎಂಬ ವಿದ್ಯುನ್ಮಾನ ಕೀಬೋರ್ಡ್ ಬಂದ ಮೇಲಂತೂ ಆ ದಶಕದ ಪ್ರೇಮಗೀತೆಗಳಲ್ಲಿ ಕೇಳುವ ಗಾಜಿನಂಥ ಪಿಯಾನೊ ನಾದ ಬಹುಪಾಲು ಆ ಒಂದೇ ಪೆಟ್ಟಿಗೆಯದು.

ನನಗೆ ನಿಜವಾಗಿ ಸಂಕಟವಾಗುವುದು ಬೇರೆ ವಿಷಯಕ್ಕೆ. ನೀವು ಮೊಬೈಲಿನಲ್ಲಿ ಕೇಳುವ ಹಳೆಯ ಹಾಡು ಎಷ್ಟೋ ಸಲ ಆ ಹಳೆಯ ಹಾಡೇ ಅಲ್ಲ. ತೊಂಬತ್ತರ ದಶಕದಿಂದೀಚೆಗೆ ಮರುಸಂಸ್ಕರಣದ ಹೆಸರಿನಲ್ಲಿ ಹಲವು ಹಾಡುಗಳ ಮೆಲುದನಿಯನ್ನು ಎತ್ತರಿಸಿ, ಏರುದನಿಯನ್ನು ತಗ್ಗಿಸಿ, ಎಲ್ಲವನ್ನೂ ಒಂದೇ ಮಟ್ಟಕ್ಕೆ ತಂದಿದ್ದಾರೆ. ಇನ್ನೊಂದು ಹಾಡಿಗಿಂತ ಇದು ಜೋರಾಗಿ ಕೇಳಬೇಕು ಎನ್ನುವುದಷ್ಟೇ ಉದ್ದೇಶ. ಪಿಸುಮಾತಿಗೂ ಕೂಗಿಗೂ ಅಂತರವೇ ಇಲ್ಲದಿದ್ದರೆ ಕೂಗಿದ್ದು ಯಾರಿಗೆ ತಟ್ಟುತ್ತದೆ? ಹಳೆಯ ರೀಲು ಅವರೇ, ಮಗನಿಗೆ ನೀವು ಯಾವ ಮುದ್ರಣ ಕೇಳಿಸಿದಿರಿ? ಮತ್ತೆ ನಿಮ್ಮ ಕ್ಯಾಸೆಟ್ಟು ತಂತಿ ಜೋಡಿಸಿ ಇಳಿಸಿಕೊಂಡದ್ದೇ, ಇಲ್ಲ ಮೈಕ್ ಇಟ್ಟು ಹಿಡಿದದ್ದೇ? ಆ ತಗ್ಗಿದ ದನಿಯ ವಿಷಯ ನನ್ನನ್ನು ಕಾಡುತ್ತಿದೆ.

ಸಂಜೆ ರೇಡಿಯೊ:

ಇಲ್ಲದ ಡ್ರಮ್ಮರ್ ಎಂದಾಗ ನನ್ನ ಹಳೆಯ ಗಾಯವೊಂದು ನೆನಪಾಯಿತು. ಬೋನಿ ಎಂ.

ನಾನು ಎಂಟನೆಯ ತರಗತಿಯಲ್ಲಿದ್ದಾಗ ನಮ್ಮ ಮನೆಯ ಮೂವರು ಅಕ್ಕತಂಗಿಯರಿಗೂ ಆ ತಂಡದ ಬಾಬಿ ಫ್ಯಾರೆಲ್ ಎಂದರೆ ಪ್ರಾಣ. 'ರಾಸ್ಪುಟಿನ್', 'ಡ್ಯಾಡಿ ಕೂಲ್'. ಆ ಗಡಸು ಗಂಡುದನಿಯೂ ಆ ಹುಚ್ಚು ಕುಣಿತವೂ ಒಂದೇ ದೇಹದ್ದು ಎಂದು ನಂಬಿದ್ದೆವು. ಚಿತ್ರ ಕತ್ತರಿಸಿ ಅಲಮಾರಿನ ಬಾಗಿಲ ಒಳಬದಿಗೆ ಅಂಟಿಸಿದ್ದೆ. ಎಷ್ಟೋ ವರ್ಷದ ಮೇಲೆ ಓದಿದೆ, ಮುದ್ರಣದಲ್ಲಿ ಆ ದನಿ ಅವರದಲ್ಲ, ನಿರ್ಮಾಪಕ ಫ್ರಾಂಕ್ ಫ್ಯಾರಿಯನ್ ಅವರದು. ತಂಡದ ನಾಲ್ವರಲ್ಲಿ ಹಾಡುತ್ತಿದ್ದವರು ಲಿಜ್ ಮಿಚೆಲ್ ಮತ್ತು ಮಾರ್ಸಿಯಾ ಬ್ಯಾರೆಟ್. ಉಳಿದಿಬ್ಬರು ತುಟಿ ಆಡಿಸುತ್ತಿದ್ದರು.

ಅವತ್ತು ಅತ್ತುಬಿಟ್ಟೆ ಎಂದರೆ ಯಾರೂ ನಂಬುವುದಿಲ್ಲ. ನನಗಾಗ ನಲವತ್ತು ವರ್ಷ. ಇವತ್ತಿಗೂ ಆ ಹಾಡು ಬಂದರೆ ಕಾಲು ತಾನಾಗಿ ತಾಳ ಹಾಕುತ್ತದೆ, ಮನಸ್ಸು ಹಿಂದೆ ಸರಿಯುತ್ತದೆ. ಮೋಸ ಹೋದೆ ಅನ್ನಿಸುತ್ತದೆ.

ಮಂದ್ರಸ್ಥಾಯಿ:

ಮೋಸವೇ ಸರಿ. ಹಾಡಿದವರ ಹೆಸರು ಹಾಡಿಗೆ ಇರಬೇಕು. ಜೇಮರ್ಸನ್ ಅವರಿಗೆ ಆದದ್ದೂ ಇದೇ ಜಾತಿಯ ಅನ್ಯಾಯ, ಅಲ್ಲಿ ಹೆಸರನ್ನೇ ಮರೆಸಿದರು, ಇಲ್ಲಿ ಬೇರೆಯವರ ಮುಖ ಅಂಟಿಸಿದರು.

ಇಪ್ಪತ್ತೆರಡು:

ಈ ವಿಷಯದಲ್ಲಿ ನಾನು ಸಂಜೆ ರೇಡಿಯೊ ಮೇಡಂ ಅವರನ್ನು ಸಮಾಧಾನ ಮಾಡಲು ಬಯಸುತ್ತೇನೆ, ಏಕೆಂದರೆ ನಾನು ಬೋನಿ ಎಂ ತಂಡವನ್ನು ಮೊದಲು ಕಂಡದ್ದೇ ಹಳೆಯ ವಿಡಿಯೊಗಳಲ್ಲಿ. ಫ್ಯಾರೆಲ್ ಕುಣಿಯದೇ ಇದ್ದಿದ್ದರೆ ಆ ದನಿಯನ್ನು ಯಾರು ನೆನಪಿಡುತ್ತಿದ್ದರು? ಬೆವರು ಅವರದು, ಉಸಿರುಗಟ್ಟಿದ್ದು ಅವರಿಗೆ. ನೀವು ಅಲಮಾರಿಗೆ ಅಂಟಿಸಿದ ಚಿತ್ರ ಸುಳ್ಳಲ್ಲ. 2010ರ ಡಿಸೆಂಬರ್ 30ರಂದು ಅವರು ತೀರಿಕೊಂಡದ್ದು ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ, ಅವರ ಹಾಡಿನಲ್ಲಿ ಬರುವ ರಷ್ಯದ ಸಾಧು ರಾಸ್ಪುಟಿನ್ ಸತ್ತ ಊರಿನಲ್ಲೇ, ಅದೇ ತಾರೀಖಿನಂದು. ಕಾರ್ಯಕ್ರಮ ಕೊಡಲು ಹೋಗಿದ್ದರು, ಕೊನೆಯವರೆಗೂ.

ಸಿಟ್ಟು ಬರಬೇಕಾದದ್ದು ಬೇರೆ ಕಡೆ. ಅದೇ ಫ್ಯಾರಿಯನ್ ಮುಂದೆ ಮಿಲಿ ವನಿಲಿ ಜೋಡಿಯನ್ನೂ ಹೀಗೆಯೇ ನಿಲ್ಲಿಸಿದರು. ಆ ಇಬ್ಬರು ಯುವಕರಿಗೆ 1990ರ ಆರಂಭದಲ್ಲಿ ಹೊಸ ಕಲಾವಿದರಿಗೆ ಕೊಡುವ ಗ್ರ್ಯಾಮಿ ಪ್ರಶಸ್ತಿ ಬಂತು, ಅದೇ ವರ್ಷದ ನವೆಂಬರಿನಲ್ಲಿ ಹಿಂದಕ್ಕೆ ಪಡೆದರು. ಜಗತ್ತೆಲ್ಲ ಉಗಿದದ್ದು ಆ ಹುಡುಗರ ಮುಖಕ್ಕೆ. ಅವರಲ್ಲಿ ಒಬ್ಬರಾದ ರಾಬ್ ಪಿಲಾಟಸ್ 1998ರಲ್ಲಿ ತೀರಿಹೋದರು. ಯೋಜನೆ ಹಾಕಿದ ನಿರ್ಮಾಪಕರು ಮುಂದೆಯೂ ಹಾಡು ಮಾಡುತ್ತಲೇ ಇದ್ದರು.

ಸಂಜೆ ರೇಡಿಯೊ:

ಬೆವರು ಅವರದು ಎಂದಿರಲ್ಲ, ಆ ಮಾತು ಸಾಕು. ತಂಗಿಗೆ ಫೋನು ಮಾಡಿ ಓದಿ ಹೇಳಿದೆ. ಆದರೂ ನನ್ನ ಅಸಮಾಧಾನ ಪೂರ್ತಿ ಹೋಗಿಲ್ಲ, ಹೋದಂತೆ ನಟಿಸುವುದೂ ಇಲ್ಲ.

ಕನ್ನಡಿ ಗೋಳ:

ಯಂತ್ರದ ಹಾಡು, ಅಪ್ಪಟ ಹಾಡು ಎಂಬ ಮಾತು ಬಂದಾಗಲೆಲ್ಲ ನನಗೆ ಭಯವಾಗುತ್ತದೆ. ಈ ಮಾತಿಗೆ ಒಂದು ಚರಿತ್ರೆ ಇದೆ.

1979ರ ಜುಲೈ 12, ಷಿಕಾಗೊ. ಕೊಮಿಸ್ಕಿ ಪಾರ್ಕ್ ಕ್ರೀಡಾಂಗಣದಲ್ಲಿ ಒಂದೇ ಸಂಜೆ ಎರಡು ಬೇಸ್‌ಬಾಲ್ ಪಂದ್ಯ. ನಡುವಿನ ಬಿಡುವಿನಲ್ಲಿ ರೇಡಿಯೊ ನಿರೂಪಕ ಸ್ಟೀವ್ ಡಾಲ್, ಜನ ತಂದುಕೊಟ್ಟ ಡಿಸ್ಕೊ ತಟ್ಟೆಗಳನ್ನು ಪೆಟ್ಟಿಗೆಯಲ್ಲಿ ತುಂಬಿ ಮೈದಾನದ ಮಧ್ಯೆ ಸಿಡಿಸಿದರು. ಸಾವಿರಾರು ಜನ ಒಳನುಗ್ಗಿ, ಮೈದಾನ ಹಾಳಾಗಿ, ಎರಡನೆಯ ಪಂದ್ಯ ನಡೆಯಲೇ ಇಲ್ಲ. ಡಿಸ್ಕೊ ಹುಟ್ಟಿದ್ದು ಕಪ್ಪು ಜನರ, ಲ್ಯಾಟಿನ್ ಅಮೆರಿಕ ಮೂಲದವರ, ಸಲಿಂಗಿಗಳ ಕುಣಿತದ ಕೋಣೆಗಳಲ್ಲಿ. ಬೇರೆಲ್ಲೂ ತಲೆಯೆತ್ತಿ ನಿಲ್ಲಲಾಗದವರು ಅಲ್ಲಿ ಬೆಳಗಿನ ಜಾವದವರೆಗೆ ಕುಣಿಯುತ್ತಿದ್ದರು. ಆ ಮೈದಾನದಲ್ಲಿ ಡಿಸ್ಕೊ ಅಲ್ಲದ ಕಪ್ಪು ಗಾಯಕರ ತಟ್ಟೆಗಳೂ ಒಡೆದವು ಎಂದು ಅಲ್ಲಿದ್ದವರೇ ಹೇಳಿದ್ದಾರೆ. "ಇದು ಸಂಗೀತವೇ ಅಲ್ಲ" ಎಂಬ ಮಾತಿನ ಹಿಂದೆ ಎಷ್ಟೋ ಸಲ "ಇವರು ನಮ್ಮವರಲ್ಲ" ಎಂಬುದು ಅಡಗಿರುತ್ತದೆ.

ಕುಣಿಯುವ ನಮಗೆ ಬೇಕಾದ ಹಾಡುಗಳನ್ನು ನಾವೇ ಹೆಕ್ಕಿ ತೆಗೆದಿದ್ದೇವೆ. ಗ್ಲೋರಿಯಾ ಗೇನರ್ ಅವರ 'ಐ ವಿಲ್ ಸರ್ವೈವ್' 1978ರಲ್ಲಿ ಬಂದಾಗ ತಟ್ಟೆಯ ಹಿಂಬದಿಯಲ್ಲಿತ್ತು. ಮುಂಬದಿಯ ಹಾಡನ್ನು ಬಿಟ್ಟು ತಟ್ಟೆ ತಿರುವಿ ಹಾಕಿದವರು ಕುಣಿತದ ಕೋಣೆಗಳ ಡಿಜೆಗಳು. ಬಿದ್ದು ಎಂಬ ಹೆಸರಿನ ನಿರ್ಮಾಪಕರ 'ಕುಂಗ್ ಫು ಫೈಟಿಂಗ್' ಕೂಡ 1974ರಲ್ಲಿ ಹಿಂಬದಿಗೆಂದು ಸ್ಟುಡಿಯೊದ ಉಳಿದ ನಿಮಿಷಗಳಲ್ಲಿ ಅವಸರದಿಂದ ಮುಗಿಸಿದ ಹಾಡೇ. ಹಿಂಬದಿಗೆಂದು ಎಣಿಸಿದ್ದನ್ನು ಕುಣಿಯುವ ಜನ ಗೆಲ್ಲಿಸಿದರು.

ಮಂದ್ರಸ್ಥಾಯಿ:

ಕನ್ನಡಿ ಗೋಳ ಅವರೇ, ಯಂತ್ರದಲ್ಲಿ ಜೋಡಿಸಿದ್ದು ಎಂದು ನಾನು ಬರೆದದ್ದರಲ್ಲಿ ತಾತ್ಸಾರ ಇತ್ತು. ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. ಜೇಮರ್ಸನ್ ಅವರ ಬೆರಳಿನ ಬಗ್ಗೆ ಬರೆದದ್ದರಲ್ಲಿ ಒಂದಕ್ಷರವನ್ನೂ ತೆಗೆಯುವುದಿಲ್ಲ.

ಕಿಟಕಿ ಪಕ್ಕ:

ಎಲ್ಲರೂ ಪ್ರೀತಿಯಿಂದ ಬರೆಯುತ್ತಿದ್ದೀರಿ, ನಡುವೆ ಇದನ್ನು ಹೇಳಬೇಕೋ ಬೇಡವೋ ಎಂದು ಎರಡು ಸಲ ಬರೆದು ಅಳಿಸಿದೆ.

1983ರಲ್ಲಿ ದಿ ಪೊಲೀಸ್ ತಂಡದ 'ಎವ್ರಿ ಬ್ರೆತ್ ಯು ಟೇಕ್' ಬಂತು. ಅದನ್ನು ಪ್ರೇಮಗೀತೆ ಎಂದು ಮದುವೆಗಳಲ್ಲಿ ಹಾಕುತ್ತಾರೆ. ಅದನ್ನು ಬರೆದ ಸ್ಟಿಂಗ್ ಅವರೇ ಅದು ಕಾವಲು ಕಾಯುವವನ, ಹಿಡಿತ ಬಿಡದವನ ಹಾಡು ಎಂದು ಹಲವು ಸಲ ಹೇಳಿದ್ದಾರೆ. ನನಗೆ ಅದನ್ನು ಯಾರೂ ಹೇಳಬೇಕಾಗಿರಲಿಲ್ಲ. ನನ್ನ ಹತ್ತೊಂಬತ್ತನೆಯ ವಯಸ್ಸಿನಲ್ಲಿ ಒಬ್ಬ ಆ ಹಾಡೊಂದನ್ನೇ ಕ್ಯಾಸೆಟ್ಟಿನ ಎರಡೂ ಬದಿಗೆ ಮತ್ತೆ ಮತ್ತೆ ತುಂಬಿಸಿ, ನನ್ನ ಮೇಜಿನ ಮೇಲೆ ಇಟ್ಟು ಹೋಗಿದ್ದ. ಆಮೇಲೆ ಒಂದೂವರೆ ವರ್ಷ ಬಸ್ ನಿಲ್ದಾಣದಲ್ಲಿ, ಗ್ರಂಥಾಲಯದ ಬಾಗಿಲಲ್ಲಿ, ಎಲ್ಲೆಂದರಲ್ಲಿ ನಿಂತಿರುತ್ತಿದ್ದ. ಆ ಗಿಟಾರಿನ ಮೊದಲ ನಾಲ್ಕು ಸ್ವರ ಕೇಳಿದರೆ ಈಗಲೂ ಕುತ್ತಿಗೆಯ ಹಿಂದೆ ತಣ್ಣಗಾಗುತ್ತದೆ.

ಗಿಟಾರ್ ನುಡಿಸಿದ ಆ್ಯಂಡಿ ಸಮ್ಮರ್ಸ್ ಅವರ ಕೈಚಳಕ ನನಗೂ ಗೊತ್ತಾಗುತ್ತದೆ. ಹಾಡು ಬಹಳ ಚೆನ್ನಾಗಿದೆ. ನನಗೆ ಕೇಳಲಾಗುವುದಿಲ್ಲ. ಹಳೆಯ ರೀಲು ಅವರ ಮಗನಿಗೆ ನನ್ನ ಪರವಾಗಿ ಹೇಳಿ: ನೆನಪು ಕೆಟ್ಟದಾದರೂ ಹಾಡು ಕೆಡುವುದಿಲ್ಲ, ನೆನಪು ಒಳ್ಳೆಯದಾದ ಮಾತ್ರಕ್ಕೆ ಹಾಡು ಒಳ್ಳೆಯದೂ ಆಗುವುದಿಲ್ಲ. ಎರಡೂ ಬೇರೆ ಬೇರೆ ಎಂದು ನನ್ನ ಮೈಗೆ ಗೊತ್ತಾಗಿದೆ.

ಹಳೆಯ ರೀಲು:

ಕಿಟಕಿ ಪಕ್ಕ ಅವರೇ, ಓದಿ ಬಹಳ ಹೊತ್ತು ಸುಮ್ಮನೆ ಕುಳಿತೆ. ಇಲ್ಲಿ ಹೇಳಿದ್ದು ಒಳ್ಳೆಯದಾಯಿತು. ಮಗನಿಗೆ ನಿಮ್ಮ ಮಾತುಗಳನ್ನು ಹಾಗೆಯೇ ಓದಿ ಹೇಳಿದೆ.

ಇಪ್ಪತ್ತೆರಡು:

ನನ್ನ ವಾದದಲ್ಲಿ ಒಂದು ಬಿರುಕು ಇತ್ತು, ಕಿಟಕಿ ಪಕ್ಕ ಅವರ ಮಾತಿನ ನಂತರ ಅದನ್ನು ಬಚ್ಚಿಡುವುದು ಸರಿಯಲ್ಲ.

ಕೇಟ್ ಬುಷ್ ಅವರ 'ರನ್ನಿಂಗ್ ಅಪ್ ದಟ್ ಹಿಲ್' 1985ರ ಹಾಡು. ಆಗ ಬ್ರಿಟನ್ನಿನ ಪಟ್ಟಿಯಲ್ಲಿ ಮೂರನೆಯ ಸ್ಥಾನಕ್ಕೆ ಬಂದಿತ್ತು. 2022ರಲ್ಲಿ ಒಂದು ಧಾರಾವಾಹಿಯಲ್ಲಿ ಬಳಸಿದ ಮೇಲೆ ಮೊದಲ ಸ್ಥಾನಕ್ಕೆ ಏರಿತು, 37 ವರ್ಷದ ಅನಂತರ. ಏರಿಸಿದವರಲ್ಲಿ ನಾನೂ ಒಬ್ಬ. ನಮ್ಮಲ್ಲಿ ಬಹುಮಂದಿ ಅದು ಹೊರಬಂದಾಗ ಹುಟ್ಟಿರಲೇ ಇಲ್ಲ. ನಮ್ಮ ಹತ್ತಿರ ಅದರ ಕ್ಯಾಸೆಟ್ ಇಲ್ಲ, ಚಿಕ್ಕಪ್ಪನೂ ಇಲ್ಲ. ಆದರೂ ಆ ಡ್ರಮ್ ಕುದುರೆ ಓಡಿದಂತೆ ಶುರುವಾದಾಗ ಪರೀಕ್ಷೆಗೆ ಓದುತ್ತಿದ್ದ ಪುಸ್ತಕ ಮುಚ್ಚಿಟ್ಟು ಕೇಳಿದ್ದೆ. ಎದ್ದು ಕೋಣೆಯಲ್ಲಿ ನಡೆದಾಡಿದ್ದೆ.

ಹಾಗಾಗಿ ಹಳೆಯ ಹಾಡಿನಲ್ಲಿ ನೆನಪನ್ನು ಬಿಟ್ಟು ಇನ್ನೇನೋ ಇದೆ ಎಂದು ಒಪ್ಪುತ್ತೇನೆ. ಎಲ್ಲ ಹಾಡುಗಳಲ್ಲೂ ಇದೆ ಎಂದು ಒಪ್ಪುವುದಿಲ್ಲ. ಮತ್ತೆ ಹಳೆಯ ರೀಲು ಅವರೇ, ನಿಮ್ಮ ಅರ್ಧ ಹಾಡಿಗಿಂತ ಪೂರ್ತಿ ಹಾಡೇ ದೊಡ್ಡದು. ಆ ನಾಲ್ಕು ನಿಮಿಷಕ್ಕಾಗಿಯೇ ಮೊದಲ ಮೂರು ನಿಮಿಷ ಅಷ್ಟು ಮೆತ್ತಗಿದೆ. 36 ಮಂದಿ ವಾದ್ಯಗಾರರನ್ನು ಕರೆಸಿ, ಅವರಿಂದ ಚಪ್ಪಾಳೆಯನ್ನೂ ತಟ್ಟಿಸಿ, ಜೊತೆಗೆ ಹಾಡಿಸಿದ್ದಾರೆ. ಒಬ್ಬ ಹುಡುಗನಿಗೆ ಹೇಳುವ ಸಮಾಧಾನ ಎಲ್ಲರದೂ ಆಗುವುದು ಅಲ್ಲಿ.

ಹಳೆಯ ರೀಲು:

ಇರಬಹುದು. ಆದರೆ ಒಬ್ಬ ಹುಡುಗ ಎಂದಿರಲ್ಲ, ಪಾಲ್ ಮೆಕಾರ್ಟ್ನಿ ಆ ಹಾಡು ಕಟ್ಟಲು ತೊಡಗಿದ್ದು ಗೆಳೆಯ ಜಾನ್ ಲೆನನ್ ಅವರ ಮಗ ಜೂಲಿಯನ್‌ಗಾಗಿ, ಅಪ್ಪ ಅಮ್ಮ ಬೇರೆಯಾಗುತ್ತಿದ್ದಾಗ. ಒಬ್ಬ ಮಗುವಿಗೆ ಹೇಳುವ ಮಾತಿಗೆ ಮೂರು ನಿಮಿಷ, ಒಂದು ಪಿಯಾನೊ ಸಾಕು ಎಂದು ನನಗೆ ಈಗಲೂ ಅನ್ನಿಸುತ್ತದೆ. ಇದರಲ್ಲಿ ನಾವಿಬ್ಬರೂ ಒಂದಾಗುವುದು ಬೇಡ.

ಮಿಕ್ಸಿಂಗ್ ಕೋಣೆ ಸರ್, ನಿಮ್ಮ ಪ್ರಶ್ನೆಗೆ ಉತ್ತರ: ತಂತಿ ಜೋಡಿಸಿದ್ದಲ್ಲ. ಚಿಕ್ಕಪ್ಪ ರೆಕಾರ್ಡ್ ಪ್ಲೇಯರಿನ ಸ್ಪೀಕರ್ ಮುಂದೆ ತನ್ನ ಟೇಪ್ ರೆಕಾರ್ಡರ್ ಇಟ್ಟು, ಅದರದೇ ಮೈಕಿನಲ್ಲಿ ಹಿಡಿದದ್ದು. ಹಾಕಿ ನೋಡೋಣ ಎಂದು ಹಳೆಯ ಟೇಪ್ ರೆಕಾರ್ಡರ್ ಇಳಿಸಿದೆ. ಮೋಟಾರ್ ಸದ್ದು ಮಾಡುತ್ತದೆ, ಚಕ್ರ ತಿರುಗುತ್ತಿಲ್ಲ. ಬಿಚ್ಚಿದರೆ ಒಳಗೆಲ್ಲ ಕಪ್ಪು ಡಾಂಬರಿನಂಥದ್ದು ಅಂಟಿಕೊಂಡಿದೆ.

ಮಿಕ್ಸಿಂಗ್ ಕೋಣೆ:

ಅದು ರಬ್ಬರ್ ಬೆಲ್ಟ್. ವರ್ಷಗಟ್ಟಲೆ ಸುಮ್ಮನೆ ಇಟ್ಟರೆ ಕೆಲವು ಹೀಗೆ ಕರಗಿ ಅಂಟಾಗುತ್ತವೆ. ಗಾಬರಿ ಬೇಡ. ಐಸೊಪ್ರೊಪೈಲ್ ಆಲ್ಕೊಹಾಲ್ ಮತ್ತು ಹತ್ತಿಯಿಂದ ಚಕ್ರಗಳ ಮೇಲಿನದನ್ನು ಪೂರ್ತಿ ಒರೆಸಿ. ಬಟ್ಟೆಗೆ ತಾಗಿದರೆ ಹೋಗುವುದಿಲ್ಲ, ಹಳೆಯ ಕಾಗದ ಹಾಸಿಕೊಳ್ಳಿ. ಅಳತೆ ನೋಡಿ ಹೊಸ ಬೆಲ್ಟ್ ಹಾಕಿ. ಟೇಪು ಮುಟ್ಟುವ ಹೆಡ್ಡನ್ನೂ ಒರೆಸಿ, ಒಣಗಲು ಬಿಡಿ. ಮೊದಲು ನಿಮ್ಮ ಕ್ಯಾಸೆಟ್ ಹಾಕಬೇಡಿ. ಹೋದರೂ ಚಿಂತೆಯಿಲ್ಲದ ಬೇರೊಂದನ್ನು ಹಾಕಿ ಪರೀಕ್ಷಿಸಿ, ಟೇಪು ಸಿಕ್ಕಿಹಾಕಿಕೊಳ್ಳುತ್ತಿಲ್ಲ ಎಂದು ಖಾತ್ರಿಯಾದ ಮೇಲೆ ಇದನ್ನು ಒಂದು ಸಲ ಕೊನೆಯವರೆಗೂ ಓಡಿಸಿ ಹಿಂದಕ್ಕೆ ಸುತ್ತಿ, ಅನಂತರ ಕೇಳಿ. ಮೊದಲ ಸಲ ಕೇಳುವಾಗಲೇ ಕಂಪ್ಯೂಟರಿಗೆ ತಂತಿ ಜೋಡಿಸಿ ಮುದ್ರಿಸಿಕೊಳ್ಳಿ. ಎರಡನೆಯ ಸಲ ಸಿಗದೇ ಹೋಗಬಹುದು.

ಹಳೆಯ ರೀಲು:

ಹನ್ನೆರಡು ದಿನವಾಯಿತು. ಬೆಲ್ಟ್ ಹಾಕಿದವನು ಮಗ. ನನ್ನ ಕಣ್ಣಿಗೆ ಆ ಸಣ್ಣ ಚಕ್ರ ಕಾಣುವುದಿಲ್ಲ.

ನಿನ್ನೆ ಸಂಜೆ ಹಾಕಿದೆವು. ಮೊದಲು ಭುಸ್ ಎಂಬ ಸದ್ದು, ಆಮೇಲೆ ಅಬ್ಬಾ. ದನಿ ಸ್ವಲ್ಪ ನಡುಗುತ್ತಿತ್ತು, ಮಂಕಾಗಿತ್ತು. ಮಗ ಮುಖ ಕಿವುಚಲಿಲ್ಲ, ಹೊಗಳಲೂ ಇಲ್ಲ. ಬೀ ಜೀಸ್ ಬಂದಾಗ ಮಾತ್ರ ಆ ಎರಡು ಅಳತೆಗಳನ್ನು ಬೆರಳಲ್ಲಿ ಎಣಿಸಿದ. ಕೊನೆಗೆ 'ಹೇ ಜೂಡ್'. ಎರಡನೆಯ ಚರಣಕ್ಕೆ ಆ ತಗ್ಗಿದ ದನಿ ಬಂತು. "ಇದೇ ನೋಡು, ನಾನು ಹೇಳುತ್ತಿದ್ದದ್ದು ಇದೇ ದನಿ" ಎಂದೆ. ಅವನು ಹೆಡ್‌ಫೋನ್ ಹಾಕಿಕೊಂಡು ಹಿಂದಕ್ಕೆ ಸುತ್ತಿ ಮತ್ತೆ ಕೇಳಿದ. ಮತ್ತೆ ಸುತ್ತಿದ. ಮೂರನೆಯ ಸಲ ಹೆಡ್‌ಫೋನ್ ತೆಗೆದು ನನ್ನ ಕಿವಿಗೆ ಹಾಕಿದ.

"ಅಪ್ಪಾ, ಇವನಿಗೆ ಸಾಹಿತ್ಯ ಬರುವುದಿಲ್ಲ. ಹೂಂಗುಟ್ಟುತ್ತಿದ್ದಾನೆ ಅಷ್ಟೆ. ಇದು ತಟ್ಟೆಯಲ್ಲಿ ಇಲ್ಲ, ಕೋಣೆಯಲ್ಲಿದೆ. ಮೈಕಿನ ಪಕ್ಕದಲ್ಲೇ ಯಾರೋ ಕೂತಿದ್ದಾರೆ."

ಚಿಕ್ಕಪ್ಪ ಹೋಗಿ ಒಂಬತ್ತು ವರ್ಷವಾಯಿತು. ಅವರಿಗೆ ಇಂಗ್ಲಿಷ್ ಅಷ್ಟಾಗಿ ಬರುತ್ತಿರಲಿಲ್ಲ. ಕೆಲಸ ಮಾಡುವಾಗ ಹೀಗೆಯೇ ಮೂಗಿನಲ್ಲಿ ರಾಗ ಎಳೆಯುತ್ತಿದ್ದರು, ಮೇಲಿನ ಸ್ವರಕ್ಕೆ ಹೋಗಲಾಗದೆ ಕೆಳಗೆ ಇಳಿದುಬಿಡುತ್ತಿದ್ದರು. ಇಲ್ಲಿಯೂ ಇಳಿಯುತ್ತಾರೆ. ಇಷ್ಟು ವರ್ಷ ಬೀಟಲ್ಸ್ ಹಾಡಿನಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದ ದನಿ ಎಂದು ನಾನು ಹೇಳಿಕೊಂಡು ಬಂದದ್ದು ಅವರ ದನಿ.

ಸಂಜೆ ರೇಡಿಯೊ ಅವರೇ, ನನಗೆ ಮೋಸವಾದಂತೆ ಅನ್ನಿಸಲಿಲ್ಲ. ನಿಮಗೆ ಏಕೆ ಅನ್ನಿಸಿತು ಎನ್ನುವುದು ಮಾತ್ರ ಈಗ ಇನ್ನೂ ಚೆನ್ನಾಗಿ ಅರ್ಥವಾಗುತ್ತದೆ.

'ಟಕ್' ಎಂದಿತು. ಮಗ ತನ್ನ ಮೊಬೈಲಿನಲ್ಲಿ ಉಳಿದ ನಾಲ್ಕು ನಿಮಿಷ ಹಾಕಿದ. ಪೂರ್ತಿ ಕೇಳಿದೆವು. ಅವನಿಗೆ ಆ ಭಾಗ ಉದ್ದವಾಯಿತಂತೆ. ಕಂಪ್ಯೂಟರಿನಲ್ಲಿ ಭುಸ್ ಸದ್ದು ತೆಗೆದುಹಾಕಲೇ ಎಂದು ಕೇಳುತ್ತಿದ್ದಾನೆ. ಮಿಕ್ಸಿಂಗ್ ಕೋಣೆ ಸರ್, ತೆಗೆಯಬಹುದೇ?

ಮಿಕ್ಸಿಂಗ್ ಕೋಣೆ:

ಬೇಡ. ಭುಸ್ ಸದ್ದು ತೆಗೆಯಹೊರಟರೆ ಅಷ್ಟು ತಗ್ಗಿದ ದನಿಯೂ ಅದರ ಜೊತೆ ಸವೆಯುತ್ತದೆ. ಮುದ್ರಿಸಿದ್ದನ್ನು ಹಾಗೆಯೇ, ಕುಗ್ಗಿಸದೆ, ಎರಡು ಕಡೆ ಉಳಿಸಿ ಇಡಿ. ಗುಂಡಿ ಮೇಲೇಳುವ ಸದ್ದನ್ನೂ ಕತ್ತರಿಸಬೇಡಿ.